ಹಸಿರು ಪರದೆಯ ಹಿಂಬದಿ

ಪರದೆಗಳು ಹಸಿರಾಗಿದ್ದವು ಎಂದು ಬರೆಯುತ್ತಿದ್ದೇನೆ. ತಪ್ಪಿರಬಹುದು. ಇಲ್ಲಿ ಇನ್ನೂ ಕೆಲವು ತಪ್ಪಿರಬಹುದು. ಕುರ್ಚಿಗಳು ನಾಲ್ಕಿದ್ದವೋ ಐದೋ, ಗೋಡೆಯ ಮೇಲಿದ್ದ ಕೊಂಬು ಕಡವೆಯದೋ ಬೇರೆ ಯಾವುದರದೋ, ಖಚಿತವಿಲ್ಲ. ಆಗಲೂ ದಿನಚರಿ ಬರೆಯುವ ಅಭ್ಯಾಸ ನನಗಿತ್ತು. ಆದರೆ ನಾನು ಆ ಕೋಣೆಯನ್ನು ಮತ್ತೆ ಕಟ್ಟಲು ಹೊರಟ ತಿಂಗಳುಗಳನ್ನು ತೆಗೆದು ನೋಡಿದರೆ ಪುಟದ ಮೇಲೆ ಪುಟ 'ಶಾಲೆ. ಮನೆ.' ಎಂದಷ್ಟೇ ಇದೆ. ಹಾಗಾಗಿ ನೆನಪಿನಿಂದಲೇ ಬರೆಯಬೇಕು. ಧಾರವಾಡದಲ್ಲಿ ಬಿ.ಎ. ಓದುವಾಗ ಯಾವುದನ್ನು ಸುಲಭವಾಗಿ ನಂಬಬಾರದೆಂದು ಕಲಿತೆನೋ ಅದರಿಂದಲೇ.

ಕೋಣೆ ಯಲ್ಲಾಪುರದ್ದು. ಅಪ್ಪ ಅಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಫೀಸರ ಬಂಗಲೆಯ ಹಿಂದೆ ನಮ್ಮ ಕ್ವಾರ್ಟರ್ಸು. ಆಗಿನ್ನೂ ನಮ್ಮದು ಮುಂಬಯಿ ರಾಜ್ಯ; ಆಫೀಸರು ಪುಣೆಯ ಕಡೆಯವರು. ಅವರ ಮಗಳಿಗೂ ನನಗೂ ಒಂದೇ ವಯಸ್ಸು. ಮಧ್ಯಾಹ್ನ ನಾನು ಅವಳ ಜೊತೆ ಆಡಲು ಹೋಗುವಾಗ ಆಯಿಯೂ, ಅಂದರೆ ನನ್ನ ಅಮ್ಮನೂ, ಬರುತ್ತಿದ್ದಳು. ಆಫೀಸರ ಹೆಂಡತಿಯನ್ನು ಎಲ್ಲರೂ ಬಾಯಿಯವರು ಎನ್ನುತ್ತಿದ್ದರು. ಅವರು ಆಯಿಗೆ ಕ್ರೋಶಾ ಹೆಣಿಗೆ ಕಲಿಸುತ್ತಿದ್ದರು.

ಬಂಗಲೆಯ ಬೈಠಕ್ ಕೋಣೆಯಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆನ್ನಿಗೂ ಕೂರುವಲ್ಲಿಗೂ ಬೆತ್ತ ಹೆಣೆದ ಸಾಗುವಾನಿ ಕುರ್ಚಿಗಳು, ನಡುವೆ ಗುಂಡು ಮೇಜು, ಮೇಜಿನ ಮೇಲೆ ಬಿಳಿ ಹೆಣಿಗೆಯ ಹಾಸು, ಹಿಂದಿನ ಜಗಲಿಗೆ ತೆರೆಯುವ ಕಿಟಕಿಗಳಿಗೆ ಹಸಿರು ಪರದೆ. ಆ ಪರದೆಗಳಿಂದಾಗಿ ಮಧ್ಯಾಹ್ನದ ಬಿಸಿಲು ಒಳಗೆ ಬರುವಾಗ ಕೆರೆಯ ನೀರಿನ ಬಣ್ಣಕ್ಕೆ ತಿರುಗುತ್ತಿತ್ತು. ನಾವಿಬ್ಬರು ಹುಡುಗಿಯರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕವಡೆ ಆಡುತ್ತಿದ್ದೆವು. ನನಗೆ ಕಪ್ಪಿನಲ್ಲಿ ಚಹಾ ಸಿಗುತ್ತಿತ್ತು. ಮನೆಗೆ ಬಂದ ಮೇಲೆ ಕೈಕಾಲು ತೊಳೆದು, ಲಂಗ ಬದಲಿಸಿಯೇ ಅಡಿಗೆ ಮನೆಗೆ ಹೋಗಬೇಕಿತ್ತು. ಹೊರಗಿನವರು ಯಾರಾದರೂ ಬಂಗಲೆಗೆ ಬಂದರೆ ಬಾಯಿಯವರು ಎದ್ದು ಹಿಂದಿನ ಜಗಲಿಯ ಬಾಗಿಲು ಮುಚ್ಚುತ್ತಿದ್ದರು. ಆಯಿ ಆ ಹೊತ್ತು ಎಲ್ಲಿರುತ್ತಿದ್ದಳು ಎಂದು ನಾನು ಯೋಚಿಸಿದವಳಲ್ಲ. ಕೋಣೆಯನ್ನು ನೆನೆದಾಗಲೆಲ್ಲ ಅವಳೂ ಅದರಲ್ಲೇ ಎಲ್ಲೋ ಒಂದು ಕುರ್ಚಿಯಲ್ಲಿ ಹೆಣೆಯುತ್ತ ಕೂತಿದ್ದಾಳೆ ಎಂದುಕೊಂಡಿದ್ದೆ.

ಐವತ್ತಾರರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಫೀಸರು ತಮ್ಮ ಕಡೆಗೆ ಹೊರಟರು. ಅವರ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು ಲಿಲಾವು ಮಾಡಿದರು. ಹರಾಜು ಕೂಗುವವನ ದನಿ ನಮ್ಮ ಮನೆಯವರೆಗೂ ಕೇಳುತ್ತಿತ್ತು. ಅಪ್ಪ ನೋಡಲು ಹೋಗಿ ಬರಿಗೈಯಲ್ಲಿ ಬಂದರು. ಆಯಿ ಬಾಗಿಲಲ್ಲಿ ನಿಂತಿದ್ದಳು.

"ಗುಂಡು ಮೇಜು ಯಾರಿಗೆ ಹೋತು?" ಎಂದಳು.

"ಸಿದ್ದಾಪುರದವು ಯಾರೋ ತಗಂಡ್ರು. ನಿಂಗೆಂತಕ್ಕೆ ಅದು?" ಎಂದರು ಅಪ್ಪ.

"ಸುಮ್ನೆ ಕೇಳ್ದಿ."

ಆ ಮಾತನ್ನು ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ. ಆಯಿ ಜೀವಮಾನದಲ್ಲಿ ಒಂದು ವಸ್ತುವಿನ ಬಗ್ಗೆ ವಿಚಾರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಗೆಂದು ನನ್ನ ನೆನಪು ಹೇಳುತ್ತದೆ.

ನಾನು ಓದು ಮುಗಿಸಿ ಶಿರಸಿಯ ಹೈಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದ ಮಾರನೆಯ ವರ್ಷ ಅಪ್ಪ ತೀರಿಕೊಂಡರು. ನಾನು ಅಳಲಿಲ್ಲ. ಆಗಬೇಕಾದ ಕೆಲಸಗಳು ಆದವು, ಜನ ಬಂದರು, ಹೋದರು. ಕ್ವಾರ್ಟರ್ಸು ಬಿಡಬೇಕಾಯಿತು. ಆಯಿಯನ್ನು ಶಿರಸಿಗೆ, ನನ್ನ ಬಾಡಿಗೆ ಮನೆಗೆ ಕರೆತಂದೆ. ಅವಳೂ ಅಳಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. 'ಹೂಂ' ಎನ್ನುತ್ತಿದ್ದಳು, 'ಬ್ಯಾಡ' ಎನ್ನುತ್ತಿದ್ದಳು. ನಾನು ಶಾಲೆಗೆ ಹೊರಡುವಾಗ ಅಡಿಗೆ ಮನೆಯ ಗೋಡೆಗೆ ಒರಗಿ ಕೂತವಳು ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದಳು. ಇಬ್ಬರೂ ಊಟ ಮಾಡುತ್ತಿದ್ದೆವು. ಅನ್ನ ಬಿಸಿಯಿದೆಯೋ ಆರಿದೆಯೋ ನನಗೂ ತಿಳಿಯುತ್ತಿರಲಿಲ್ಲ.

ಆಯಿಯ ಅಣ್ಣ, ಹೇರೂರಿನ ಮಾವ, ಆಗಾಗ ಬರುತ್ತಿದ್ದ. ತಂಗಿಯನ್ನು ತನ್ನ ಮನೆಗೆ ಕರೆದೊಯ್ಯಬೇಕೆಂದು ಅವನ ಆಸೆ. ವರ್ಷಾಂತದೊಳಗೆ, ಅಂದರೆ ಅಪ್ಪನ ಮೊದಲ ವರ್ಷದ ಶ್ರಾದ್ಧದೊಳಗೆ, ಆಯಿ ಇಲ್ಲಿ ಒಗ್ಗಿಕೊಂಡರೆ ಸರಿ, ಇಲ್ಲದಿದ್ದರೆ ಹೇರೂರಿಗೆ ಎಂದು ಅವನೂ ನಾನೂ ಮಾತಾಡಿಕೊಂಡೆವು. ಆಯಿಯನ್ನು ಕೇಳಿದರೆ 'ಹೂಂ' ಎಂದಳು, ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. ಅವಳು ನನ್ನ ಜೊತೆಯಲ್ಲೇ ಇರಬೇಕೆಂದು ನನಗಿತ್ತು. ಪ್ರೀತಿಯೇ ಕಾರಣವೆಂದು ಹೇಳಲು ಧೈರ್ಯವಿಲ್ಲ. ಆ ದಿನಗಳಲ್ಲಿ ಯಾವ ಭಾವನೆಯ ಹೆಸರನ್ನೂ ನಾನು ಆಣೆ ಮಾಡಿ ಹೇಳಲಾರೆ. ಅವಳು ಹೋದರೆ ದಿನಚರಿಯಲ್ಲಿ 'ಮನೆ' ಎಂದು ಬರೆಯಲು ಏನೂ ಉಳಿಯುವುದಿಲ್ಲ ಎಂಬುದು ಮಾತ್ರ ತಿಳಿದಿತ್ತು.

ಬಂಗಲೆಯ ಕೋಣೆ ಆಗ ನೆನಪಾಯಿತು. ಅದನ್ನೇ ಈ ಮನೆಯಲ್ಲಿ ಮತ್ತೆ ಕಟ್ಟಿದರೆ ಆಯಿ ಇಲ್ಲಿ ಕೂರುತ್ತಾಳೆ, ಉಳಿಯುತ್ತಾಳೆ ಎಂದುಕೊಂಡೆ.

ಶಿರಸಿಯ ಪೇಟೆಯಲ್ಲಿ ಗುಜರಿ ಅಂಗಡಿಯ ಸಾಬರೊಬ್ಬರಿದ್ದರು. ಅವರ ತಮ್ಮನದು ಯಲ್ಲಾಪುರದ ದಾರಿಯಲ್ಲಿ ಓಡುವ ಲಾರಿ. ನನಗೆ ಬೇಕಾದದ್ದನ್ನು ಹೇಳಿದಾಗ ಅವರು ತಲೆ ಕೆರೆದುಕೊಂಡರು.

"ಅಕ್ಕೋರೆ, ಬೆತ್ತದ ಕುರ್ಚಿ ಹೊಸದೇ ಮಾಡ್ಸಬಹುದಲ್ಲ? ಇದು ಹುಡುಕೋದ್ರಲ್ಲಿ ನಿಮ್ಮ ಶಾಲೆ ಹುಡುಗ್ರು ಮದುವೆ ಆಗಿ ಹೋಗ್ತಾರೆ."

"ಹಳೆಯದೇ ಬೇಕು."

"ಹಳೇದು ಅಂದ್ರೆ ಕೂತು ಹಳೇದಾದದ್ದಾ, ಬಿಸಾಡಿ ಹಳೇದಾದದ್ದಾ? ನನ್ನ ಹತ್ರ ಎರಡೂ ಅದೆ."

ಎರಡು ಕುರ್ಚಿಗಳು ಯಲ್ಲಾಪುರದಿಂದಲೇ ಬಂದವು. ಲಾರಿಯ ಮೇಲೆ ಅಕ್ಕಿ ಮೂಟೆಗಳ ನಡುವೆ ಕಾಲು ಮೇಲಾಗಿ ಕೂತಿದ್ದವು. ಅದೇ ಬಂಗಲೆಯವೋ ಅಲ್ಲವೋ ಸಾಬರಿಗೂ ಗೊತ್ತಿರಲಿಲ್ಲ. "ಹೌದು ಅಂದ್ರೆ ಹೌದು ಅಕ್ಕೋರೆ. ಕುರ್ಚಿ ಬಾಯಿಬಿಟ್ಟು ಅಲ್ಲ ಅಂತದಾ?" ಎಂದರು. ಒಂದರ ಬೆತ್ತ ಹರಿದಿತ್ತು. ದಿಂಬು ಇಟ್ಟು ಮುಚ್ಚಿದೆ. ಕೊಂಬು ಅವರ ಅಂಗಡಿಯ ಅಟ್ಟದಲ್ಲೇ ಇತ್ತು, ಒಂದು ಕವಲು ಮುರಿದದ್ದು.

ಗುಂಡು ಮೇಜಿಗೆ ಸಿದ್ದಾಪುರಕ್ಕೇ ಹೋದೆ. ಚಹಾದ ಹೋಟೆಲೊಂದರಲ್ಲಿ ಅಂಥದೊಂದರ ಮೇಲೆ ಗಾಜಿನ ಲೋಟಗಳನ್ನು ಬೋರಲು ಹಾಕಿದ್ದರು. ಮೇಲ್ಮೈ ತುಂಬ ನೀರಿನ ಬಳೆಗಳು. ಬಂಗಲೆಯ ಮೇಜಿನ ಅಂಚಿನಲ್ಲಿ ಸಿಗರೇಟಿನಿಂದ ಸುಟ್ಟ ಗುರುತೊಂದಿತ್ತು ಎಂದು ನನಗೆ ನೆನಪು. ಇದರಲ್ಲಿ ಸುಟ್ಟ ಗುರುತುಗಳೇ ಹಲವಿದ್ದವು.

"ಬದ್ಲಿಗೆ ಚೌಕದ ಮೇಜು ಕೊಡ್ತೆ, ಆಗ್ತಾ?" ಎಂದು ಹೋಟೆಲಿನ ಭಟ್ಟರನ್ನು ಕೇಳಿದೆ.

"ಧಾರಾಳ. ಈ ಗುಂಡಂದಕ್ಕೆ ಮೂಲೆನೇ ಇಲ್ಲೆ, ಯಾವ ಗೋಡೆಗೂ ಹೊಂದ್ತಿಲ್ಲೆ. ಮಧ್ಯ ನಿತ್ಗಂಡು ಎಲ್ಲರ ಸೊಂಟಕ್ಕೆ ಬಡೀತು. ತಗಂಡ್ ಹೋಗು ತಂಗಿ, ಪುಣ್ಯ ಬತ್ತು."

ಪರದೆಗೆ ಹಸಿರು ಬಟ್ಟೆ ತಂದು ನಾನೇ ಹೊಲಿದೆ. ಹಾಸು ಮಾತ್ರ ಹುಡುಕಬೇಕಾಗಿರಲಿಲ್ಲ. ಬಾಯಿಯವರ ಹತ್ತಿರ ಕಲಿತು ಆಯಿ ಹೆಣೆದದ್ದು ಟ್ರಂಕಿನಲ್ಲಿತ್ತು, ಒಮ್ಮೆಯೂ ಬಳಸಿರಲಿಲ್ಲ. ನನ್ನ ಮನೆಯ ಮುಂಗೋಣೆಗೂ ಹಿಂದಿನ ಜಗಲಿಗೆ ತೆರೆಯುವ ಬಾಗಿಲು, ಕಿಟಕಿ ಇದ್ದವು. ಒಂದು ಭಾನುವಾರ ಎಲ್ಲವನ್ನೂ ನೆನಪಿದ್ದಂತೆ ಜೋಡಿಸಿದೆ. ಕುರ್ಚಿಗಳು ಮೇಜಿಗೆ ಮುಖಮಾಡಿ, ಬೀದಿ ಬಾಗಿಲಿನಿಂದ ಬಂದವರನ್ನು 'ಕೂತ್ಕೊಳ್ಳಿ' ಎನ್ನುವಂತೆ ಓರೆಯಾಗಿ. ಬಿಸಿಲು ಬಂತು. ಕೋಣೆ ಕೆರೆಯ ನೀರಿನ ಬಣ್ಣವೇ ಆಯಿತು. ಈಗ ಏನಾದರೂ ಅನ್ನಿಸುತ್ತದೆ ಎಂದು ಕಾದೆ. ಚೆನ್ನಾಗಿದೆ ಎಂದು ತಿಳಿಯುತ್ತಿತ್ತು, ಅಷ್ಟೇ.

ಆಯಿಯನ್ನು ಕರೆದೆ. ಬಂದು, ಸೆರಗಿನಿಂದ ಕೈ ಒರೆಸಿಕೊಂಡು ನೋಡಿದಳು.

"ಬಂಗ್ಲೆ ಕೋಣೆ, ಗೊತ್ತಾತಾ?"

"ಹೂಂ."

"ಕೂತ್ಗ ಆಯಿ."

"ಚೊಲೊ ಇದ್ದು," ಎಂದಳು, ಬಸಳೆ ಸೊಪ್ಪು ಚೊಲೊ ಇದೆ ಎನ್ನುವ ದನಿಯಲ್ಲಿ. ಕೂರಲಿಲ್ಲ. "ಅಡಿಗೆ ಮನೆಲಿ ತಂಪಿದ್ದು."

ಅಂದಿನಿಂದ ದಿನವೂ ಅದನ್ನು ಗುಡಿಸಿದಳು. ಕುರ್ಚಿಯ ಕಾಲುಗಳ ಸುತ್ತ ಕಸಬರಿಗೆ ಆಡಿಸಿ, ಒಂದನ್ನೂ ಮುಟ್ಟದೆ ಹೊರಬರುತ್ತಿದ್ದಳು.

ವರ್ಷಾಂತ ಹತ್ತಿರವಾಯಿತು. ಮಾವ ಬಂದ. ಬಾಗಿಲಲ್ಲೇ ನಿಂತ.

"ಎಂತ ಕೂಸೆ ಇದು, ದೊರೆಗಳ ಬಂಗ್ಲೆ! ಆನು ಚಪ್ಪಲಿ ತೆಗೀವ, ಬೂಟು ಹಾಕ್ಯಂಡು ಬರವ?"

"ಬಾ ಮಾವ, ಕೂತ್ಗ."

"ಇದ್ರಲ್ಲಾ? ಹರದ್ರೆ ಎನ್ನ ಕೇಳಡ." ಅವನು ಕೂತಾಗ ಬೆತ್ತ ಕರಕರ ಎಂದಿತು. ಸ್ವಲ್ಪ ಹೊತ್ತು ಕೊಂಬನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಭಾವ ಹೋಗಿ ಇನ್ನೂ ವರ್ಷ ಆಜಿಲ್ಲೆ. ಮನೆ ಸಿಂಗಾರ ಮಾಡ್ಯಂಡು ಕೂತ್ರೆ ಜನ ಎಂತ ಹೇಳ್ತ? ನಿಂಗಲ್ಲ, ತಂಗಿಗೆ ಹೇಳ್ತ," ಎಂದ.

"ಆಯಿ ಇದ್ರ ಮೇಲೆ ಕೂರ್ತೇ ಇಲ್ಲೆ," ಎಂದೆ.

"ಮತ್ತೆ ಯಾರಿಗೆ ಮಾಡಿದ್ದು?"

ಒಳಗೆ ಆಯಿ ಚಹಾ ಸೋಸುತ್ತಿದ್ದಳು. ಕೇಳಿಸಿರಬೇಕು. ವರ್ಷಾಂತ ಮುಗಿದ ಮೇಲೆ ಕರೆದೊಯ್ಯಲು ಬರುತ್ತೇನೆ ಎಂದು ಹೇಳಿ ಮಾವ ಹೋದ.

ಅದಾಗಿ ಕೆಲವು ದಿನಕ್ಕೆ, ಶಾಲೆಯಿಂದ ಬಂದಾಗ, ಕುರ್ಚಿಗಳು ತಿರುಗಿದ್ದವು. ಎರಡರ ಬೆನ್ನೂ ಹಿಂದಿನ ಜಗಲಿಯ ಕಡೆಗೆ. ಜಗಲಿಯ ಬಾಗಿಲು ತೆರೆದಿತ್ತು. ಹೊಸ್ತಿಲಿನ ಆಚೆ, ನೆಲದ ಮೇಲೆ ಆಯಿ ಕೂತಿದ್ದಳು. ಮಡಿಲಲ್ಲಿ ಸೂಜಿ, ದಾರ. ಅಪ್ಪ ಹೋದ ಮೇಲೆ ಉಡದೆ ಇಟ್ಟ ನೀಲಿ ಸೀರೆಯನ್ನು ಕತ್ತರಿಸಿ, ಪರದೆಗಳ ಹಿಂಬದಿಗೆ, ಜಗಲಿಗೆ ಕಾಣುವ ಮಗ್ಗುಲಿಗೆ, ಅಸ್ತರಿನಂತೆ ಹೊಲಿದಿದ್ದಳು. ಕೊನೆಯ ಪರದೆ ಇನ್ನೂ ಅರ್ಧ ಉಳಿದಿತ್ತು.

"ಎಂತ ಮಾಡ್ತಾ ಇದ್ದೆ ಆಯಿ?"

"ಪರದೆ ನೀಲಿ ಇದ್ದಿತ್ತು," ಎಂದಳು.

"ಹಸಿರು ಆಗಿತ್ತಲೆ?"

"ಒಳಗೆ ಹಸಿರೇನ. ಎಂಗೆ ಗೊತ್ತಿಲ್ಲೆ." ಹಲ್ಲಿನಿಂದ ದಾರ ಕಡಿದಳು. "ಇಲ್ಲಿಂದ ನೀಲಿ. ಹಿಂಗೇ ಇತ್ತು."

ಅಷ್ಟು ಉದ್ದ ಅವಳು ಮಾತಾಡಿ ತಿಂಗಳುಗಳಾಗಿದ್ದವು. ನಾನು ಶಾಲೆಯ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ. ಅಲ್ಲಿಂದ ಕುರ್ಚಿಯ ಬೆನ್ನಿನ ಹೆಣಿಗೆ ಕಾಣುತ್ತಿತ್ತು, ಆರು ಮೂಲೆಯ ಸಣ್ಣ ಸಣ್ಣ ತೂತುಗಳು, ಅವುಗಳ ಮೂಲಕ ಇಷ್ಟಿಷ್ಟೇ ಬೆಳಕು. ಮೇಜಿನ ಅಡಿ ಕಾಣುತ್ತಿತ್ತು. ಮೇಲಿನ ಹಾಸು ಅಂಚಿನಿಂದ ಇಳಿಬಿದ್ದಷ್ಟೇ ಕಾಣುತ್ತಿತ್ತು. ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಅವರ ಮುಖ ಕಾಣುತ್ತಿರಲಿಲ್ಲ. ಕೋಣೆ ಅದೇ, ಆದರೆ ಬಂಗಲೆಯ ಜಗಲಿಯಿಂದ ಆಯಿ ಕಂಡ ಈ ಬದಿಯನ್ನು ನಾನು ನೋಡಿರಲಿಲ್ಲ. ನನಗೆ ಆಗ ಏನಾದರೂ ಅನ್ನಿಸಬೇಕಿತ್ತು. ಎದ್ದು ಚಹಾಕ್ಕೆ ನೀರಿಟ್ಟೆ.

ಆಮೇಲಿನ ದಿನಗಳಲ್ಲಿ ಅವಳು ಮಧ್ಯಾಹ್ನ ಅಲ್ಲೇ, ಹೊಸ್ತಿಲಿನ ಆಚೆ ಕೂರುತ್ತಿದ್ದಳು. ಅಡಿಗೆ ಮನೆಯ ಗೋಡೆ ಬಿಟ್ಟಳು. ಕ್ರೋಶಾದ ಕಡ್ಡಿ ಮತ್ತೆ ಕೈಗೆ ಬಂತು. ಇನ್ನು ಉಳಿಯುತ್ತಾಳೆ ಎಂದುಕೊಂಡೆ. ಕೇಳುವ ಧೈರ್ಯ ಮಾಡಲಿಲ್ಲ.

ವರ್ಷಾಂತ ಮುಗಿಯಿತು. ಮಾವ ಬಂದು, "ಎಂತ ತಂಗಿ, ಬತ್ಯಾ?" ಎಂದಾಗ ಆಯಿ ನನ್ನ ಕಡೆ ನೋಡದೆ, "ಬತ್ತೆ. ಅಲ್ಲಿ ಕೈಗೆ ಕೆಲ್ಸ ಇದ್ದು," ಎಂದಳು. ಬಟ್ಟೆಯ ಗಂಟು ಮೊದಲೇ ಕಟ್ಟಿಟ್ಟಿದ್ದಳು. ಕೋಪವಿರಲಿಲ್ಲ, ಬೇಸರವೂ ಕಾಣಲಿಲ್ಲ. ಹೊರಡುವ ಮೊದಲು ಕೋಣೆಯನ್ನೊಮ್ಮೆ ಗುಡಿಸಿದಳು.

ಕುರ್ಚಿಗಳು ಈಗಲೂ ನನ್ನ ಹತ್ತಿರ ಇವೆ. ಬಂದವರು ತಿರುಗಿಸಿಕೊಂಡು ಕೂರುತ್ತಾರೆ. ಅವರು ಹೋದ ಮೇಲೆ ಬೆನ್ನನ್ನು ಮತ್ತೆ ಜಗಲಿಗೆ ಮಾಡಿಡುತ್ತೇನೆ. ಏಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಆ ಬಂಗಲೆಯ ಹೊಸ್ತಿಲು ಆಯಿಗೆ ಹೇಗಿತ್ತು ಎಂದು ಎರಡು ಬಗೆಯಲ್ಲಿ ಯೋಚಿಸುತ್ತೇನೆ. ಬಾಯಿಯವರು ಗುಮಾಸ್ತರ ಹೆಂಡತಿಯನ್ನು ಒಳಗೆ ಕೂರಿಸದೆ ಹೋಗಿದ್ದರೆ, ನಾನು ಊರೂರು ಸುತ್ತಿ ಅವಳ ಮುಂದೆ ತಂದಿಟ್ಟದ್ದು ಏನು? ಮೀನು ಬೇಯಿಸುವವರ ಮನೆಯೆಂದು ತನ್ನ ಮಡಿಗಾಗಿ ಅವಳೇ ಹೊರಗೆ ಉಳಿದಿದ್ದರೆ, ಆ ನೀಲಿ ಅವಳಿಗೆ ಸಾಕಾಗಿತ್ತೇ? ಎರಡರಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳು. ಒಮ್ಮೊಮ್ಮೆ ಅದೂ ಖಚಿತವಿಲ್ಲ.

ಹೇರೂರಿಗೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಆಯಿ ಹಪ್ಪಳದ ಬಗ್ಗೆ, ಮಾವನ ಮೊಣಕಾಲಿನ ಬಗ್ಗೆ ಮಾತಾಡುತ್ತಾಳೆ. ಆ ಹೊಸ್ತಿಲಿನ ಮಾತನ್ನು ನಾನು ಕೇಳಿದ್ದು ಒಂದೇ ಸಲ, ಅವಳು ಹೊರಟ ದಿನ ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ, ಅವಳು ಕಿಟಕಿಯ ಬದಿಗೆ ಕೂತ ಮೇಲೆ. ಬಸ್ಸಿನ ಇಂಜಿನ್ನು ಶುರುವಾಗಿತ್ತು. ಕೇಳಿಸಲಿಲ್ಲವೋ, ಕೇಳಿಸಿತೋ, ಸೆರಗು ಸರಿಮಾಡಿಕೊಂಡು ಮುಂದೆ ನೋಡಿದಳು.

"ಆಯೀ, ಬಾಯಿಯವ್ರು ಒಳಗೆ ಕರೀದೇ ಇದ್ದಿದ್ದಾ, ನೀನೇ ಹೋಗದೇ ಇದ್ದಿದ್ದಾ?"