ಅತ್ತೆಯ ಮಡಿಲಲ್ಲಿದ್ದ ಯೀಸ್ಟ್ ಜಾಡಿ

ಅತ್ತೆಯನ್ನು ಕರೆತರಲು ಆ ಭಾನುವಾರ ಫ್ರಿಸ್ಕೋದ ನಮ್ಮ ಮನೆಯಿಂದ ಮೂರು ಗಂಟೆ ದೂರದ ಜಾರ್ಜ್‌ಟೌನ್‌ಗೆ ಕಾರಿನಲ್ಲಿ ಹೋಗಿದ್ದೆ. ಮೈಸೂರಿನಿಂದ ಬಂದಿದ್ದ ಅವರು ಅಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು. ತಂಗಿಯ ಗಂಡ, ಅಂದರೆ ನನ್ನ ಹೆಂಡತಿಯ ಚಿಕ್ಕಪ್ಪ, ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾರೆ. ನನಗೂ ಆ ಹುಚ್ಚು ಹತ್ತಿಸಿದವರು ಅವರೇ. ಬಿಯರ್ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಯೀಸ್ಟನ್ನು ಅವರು ಚೆಲ್ಲುವುದಿಲ್ಲ. ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕುತ್ತಾರೆ. ಹೊರಡುವಾಗ ಆ ಕೆನೆಬಣ್ಣದ ಗಸಿಯನ್ನು ಗಾಜಿನ ಜಾಡಿಗೆ ತುಂಬಿ ಕೊಟ್ಟರು.

"ಮುಚ್ಚಳ ಸ್ವಲ್ಪ ಲೂಸ್ ಇರ್ಲಿ ಕಣಯ್ಯಾ. ಗ್ಯಾಸ್ ಬರ್ತಿರುತ್ತೆ."

ಐಸ್ ಬಾಕ್ಸ್ ತುಂಬ ಚಿಕ್ಕಮ್ಮ ಕಟ್ಟಿಕೊಟ್ಟ ತಿಂಡಿಯಿತ್ತು, ಜಾಡಿಗೆ ಜಾಗವಿರಲಿಲ್ಲ. "ಇಲ್ಲಿ ಕೊಡಿ, ನಾನು ಹಿಡ್ಕೋತೀನಿ" ಎಂದು ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಜಾಡಿಗೆ ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಅದು ಯಾವುದಕ್ಕೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಬಿಯರ್ ಮಾಡುವುದು ಅವರಿಗೆ ಇಷ್ಟವಿಲ್ಲ ಎಂಬುದು ನನಗೆ ಗೊತ್ತಿತ್ತು.

ಬೇಸಿಗೆಯ ಬಿಸಿಲು ಕಾರಿನ ಗಾಜಿನ ಮೂಲಕ ಅವರ ಮಡಿಲಿಗೇ ಬೀಳುತ್ತಿತ್ತು. ದಾರಿಯ ನಡುವೆ ಸಿಗುವ ವೇಕೋ ಊರು ಇನ್ನೂ ದೂರವಿರುವಾಗ ಅವರು ಮೆಲ್ಲಗೆ ಕರೆದರು.

"ಅಳಿಯಂದ್ರೇ, ಇದು ಸುಯ್ ಅಂತಿದೆ. ಮುಚ್ಚಳ ಉಬ್ಬಿದೆ."

"ಲೂಸ್ ಇದೆ ಅಲ್ವಾ ಅತ್ತೆ?"

"ಸೀರೆ ಮೇಲೆ ಚೆಲ್ಲುತ್ತೆ ಅಂತ ಬಿಗಿ ಮಾಡ್ದೆ."

ಒಡೆದರೆ ಗಾಜೆಲ್ಲ ಅವರ ಮುಖಕ್ಕೆ. "ಮುಟ್ಬೇಡಿ, ಅಲ್ಲಾಡಿಸ್ಬೇಡಿ. ಮುಖ ಆ ಕಡೆ ತಿರುಗಿಸ್ಕೊಳ್ಳಿ" ಎಂದು ಹೇಳಿ ಹೆದ್ದಾರಿಯ ಅಂಚಿಗೆ ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಲಾರಿಗಳು ಹಾದಾಗಲೆಲ್ಲ ಕಾರು ತೂಗುತ್ತಿತ್ತು. ಹುಲ್ಲಿನ ಕಡೆಯ ಬಾಗಿಲು ತೆಗೆದು, ಜಾಡಿಯನ್ನು ಟವೆಲ್ ಸಮೇತ ಎತ್ತಿಕೊಂಡು ದೂರ ಹೋದೆ. ಮುಖ ತಿರುಗಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಬುಸ್ಸೆಂದು ನೊರೆ ಚಿಮ್ಮಿ ನನ್ನ ಅಂಗಿ, ಕೈ, ಗದ್ದ ಎಲ್ಲ ತೊಯ್ದುಹೋಯಿತು.

ಉಸಿರು ಬಿಡುವಷ್ಟರಲ್ಲಿ ಹಿಂದೆ ಪೊಲೀಸ್ ಕಾರಿನ ಕೆಂಪು ನೀಲಿ ದೀಪ.

ಮೈಯೆಲ್ಲ ಬಿಯರ್ ವಾಸನೆ, ಕೈಯಲ್ಲಿ ತೆರೆದ ಜಾಡಿ. ಡ್ರೈವ್ ಮಾಡಬೇಕೆಂದು ಊಟದ ಹೊತ್ತಿನಲ್ಲಿ ಒಂದು ಗುಟುಕೂ ಕುಡಿದಿರಲಿಲ್ಲ. ಅದನ್ನು ನಂಬುವವರು ಯಾರು? ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಕುಡಿದು ಓಡಿಸಿದ ಎಂದು ಒಮ್ಮೆ ಅರೆಸ್ಟ್ ಆದರೆ ವೀಸಾ, ಕೆಲಸ, ಮನೆ ಎಲ್ಲವೂ ಅಲುಗಾಡುತ್ತದೆ. ಎಷ್ಟು ಕುಡಿದಿದ್ದೀಯ ಎಂದು ಪೊಲೀಸ್ ಕೇಳಿದ. ಏನೂ ಇಲ್ಲ, ಇದು ಯೀಸ್ಟ್, ಹಳೆಯ ಬ್ಯಾಚಿನದು ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಅವನು ಜಾಡಿಯನ್ನು ನೆಲದ ಮೇಲಿಡಲು ಹೇಳಿ, ತನ್ನ ಪೆನ್ನಿನ ತುದಿಯನ್ನು ಕಣ್ಣಲ್ಲೇ ಹಿಂಬಾಲಿಸು ಎಂದ. ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ರಸ್ತೆಯಂಚಿನ ಗೆರೆಯ ಮೇಲೆ ನಡೆ ಎಂದ. ನನ್ನ ಕಾಲು ನಡುಗುತ್ತಿತ್ತು. ಹೆದರಿ ನಡುಗುವ ಕಾಲನ್ನು ಕುಡಿದ ಕಾಲು ಅಂದುಕೊಂಡರೆ?

ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು. ಪೊಲೀಸ್ ಸರ್ರನೆ ತಿರುಗಿ, ಒಳಗೇ ಇರಿ ಎಂದು ಗದರಿದ. ಅತ್ತೆ ಒಂದು ಕಾಲು ಹೊರಗಿಟ್ಟವರು ಹಾಗೇ ನಿಂತುಬಿಟ್ಟರು.

"ನೋ ಡ್ರಿಂಕ್! ಹಿ ನೋ ಡ್ರಿಂಕ್! ಐ ಟೈಟ್ ದಿ ಮುಚ್ಚಳ!"

"ಅತ್ತೆ, ದಮ್ಮಯ್ಯ, ಒಳಗೆ ಕೂತ್ಕೊಳ್ಳಿ. ಕೈ ಕಾಣೋ ಹಾಗಿಟ್ಕೊಳ್ಳಿ."

ಅವರು ಎರಡೂ ಕೈ ಮುಂದೆ ಚಾಚಿಕೊಂಡೇ ಕೂತರು. ನಾನು ಅವನು ಹಿಡಿದ ಕೊಳವೆಯೊಳಗೆ ಊದಿದೆ. ಯಂತ್ರದಲ್ಲಿ ಸೊನ್ನೆ ಬಂತು. ಅವನು ಬಗ್ಗಿ ಜಾಡಿಯನ್ನು ಮೂಸಿ, ಮುಖ ಹಿಂಡಿ, ಡಿಕ್ಕಿಯಲ್ಲಿಡು ಎಂದ. ಇನ್ನೊಮ್ಮೆ ಹೀಗಾದರೆ ಎಕ್ಸಿಟ್ ತಗೊಂಡು ಹೆದ್ದಾರಿಯಿಂದ ಇಳಿದು ನಿಲ್ಲಿಸಬೇಕು, ಇಲ್ಲಿ ಲಾರಿ ಬಡಿದರೆ ಯಾರೂ ಉಳಿಯುವುದಿಲ್ಲ ಎಂದು ಹೇಳಿ ಹೋದ.

ವೇಕೋ ದಾಟಿದ ಮೇಲೆ ಅತ್ತೆ ಕೇಳಿದರು, "ನಿಮ್ಮನ್ನ ಕರ್ಕೊಂಡು ಹೋಗಿದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕಿತ್ತು?"

ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿ, ಅವರ ಫೋನಿನಲ್ಲಿ ನಮ್ಮೆಲ್ಲರ ನಂಬರ್ ಹಾಕಿಕೊಟ್ಟೆ.

ಉಳಿದ ಅರ್ಧ ಜಾಡಿ ಯೀಸ್ಟನ್ನು ಮರುದಿನ, ಬಿಯರಿಗೆಂದು ಕುದಿಸಿ ಆರಿಸಿದ ಬಾರ್ಲಿ ಮಾಲ್ಟಿನ ರಸಕ್ಕೆ ಸುರಿದೆ. ಅದರ ಮಾರನೆಯ ಬೆಳಿಗ್ಗೆ ಎದ್ದಾಗ, ನನಗಿಂತ ಮುಂಚೆಯೇ ಅತ್ತೆ ನಮ್ಮ ಗ್ಯಾರೇಜಿನಲ್ಲಿದ್ದರು. ಸೆರಗು ಬಿಗಿಯಾಗಿ ಹೊದ್ದು, ಪಾತ್ರೆಯಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡುತ್ತಿದ್ದರು. ಗುಳ್ಳೆಗಳು ಏಳುತ್ತಿದ್ದವು.

"ಶುರುವಾಗಿದೆ" ಎಂದರು. "ಇದಕ್ಕೆ ಗಾಳಿ ಹೋಗೋಕೆ ದಾರಿ ಇದೆ ತಾನೆ?"