ಭಾಲ್ಕಿ ಸರ್ ಮತ್ತು ಬಿಳಿ ಉಳ್ಳಾಗಡ್ಡಿ

ಬಿ.ಎಸ್ಸಿ. ಪ್ರಾಯೋಗಿಕ ಶಿಬಿರಕ್ಕೆ ನಾನು ತೆತ್ತದ್ದು ಒಂದು ಇಡೀ ಮದುವೆ ಸೀಸನ್. ಬೀದರಿನಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ತಕ್ಕ ಫಾಲ್, ಬ್ಲೌಸ್ ಪೀಸ್ ಮಾರುವ ಅಂಗಡಿ. ಲಗ್ನದ ದಿನಗಳಲ್ಲಿ ಅದಕ್ಕೆ ಬೀಗ ಹಾಕುವವರನ್ನು ಜನ ಹುಚ್ಚರೆನ್ನುತ್ತಾರೆ. ಆದರೂ ಹಾಕಿದೆ. ದೂರಶಿಕ್ಷಣದಲ್ಲಿ ಪಾಠವನ್ನು ಗಲ್ಲೆಯ ಮುಂದೆ ಕೂತೂ ಓದಬಹುದು, ಪ್ರಯೋಗವನ್ನು ಮಾತ್ರ ಕೈಯಾರೆ ಮಾಡಿ ತೋರಿಸಬೇಕು. ಇಷ್ಟು ಕಳೆದುಕೊಂಡು ಹೋದವಳಿಗೆ ಮೊದಲ ದಿನ ಎದುರಾದದ್ದು ಏನು? ದಪ್ಪ ಹುಬ್ಬಿನ ಕೆಳಗಿನ ಎರಡು ಕಣ್ಣು. ರೆಪ್ಪೆ ಬಡಿಯದೆ ಅವು ನೋಡುತ್ತಿದ್ದದ್ದು ಮೇಜಿನ ಮೇಲಿನ ಫ್ಲಾಸ್ಕನ್ನಲ್ಲ, ನನ್ನ ಮುಖವನ್ನು.

ಆ ಕಣ್ಣುಗಳು ಭಾಲ್ಕಿ ಸರ್ ಅವರವು.

ನಾನು ರಸಾಯನಶಾಸ್ತ್ರಕ್ಕೆ ಸೇರಿದ್ದು ಬಣ್ಣದ ಸಲುವಾಗಿ. ಬೀದರಿನ ಹೊರಗಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಣ್ಣದೊಂದು ಘಟಕ ತೆರೆಯುವ ಆಸೆ ನನಗೆ. ಬಣ್ಣದ ಪುಡಿ ಮಾರುವವರು ರಾಸಾಯನಿಕಗಳ ಉದ್ದುದ್ದ ಹೆಸರು ಉದುರಿಸಿ ದರ ಏರಿಸುತ್ತಿದ್ದರು. ಏನೆಂದೇ ಗೊತ್ತಿಲ್ಲದ ಮಾಲಿಗೆ ಚೌಕಾಶಿ ಮಾಡುವುದು ಹೇಗೆ? ಅದಕ್ಕೇ ಈ ವಯಸ್ಸಿನಲ್ಲಿ ಪುಸ್ತಕ ಹಿಡಿದೆ. ಪುಸ್ತಕ ಅರ್ಥವಾಗದಾಗ ನಮ್ಮ ಅಧ್ಯಯನ ಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಿದ್ದೆ. ಬೆಳಗಾಗುವುದರೊಳಗೆ ಭಾಲ್ಕಿಯಿಂದ ಧ್ವನಿಯಲ್ಲಿ ಉತ್ತರ ಬಂದಿರುತ್ತಿತ್ತು. ಹಿಂದೆ ಕುಕ್ಕರಿನ ಸೀಟಿ, ಮುಂದೆ ಆ ದನಿ: "ನೋಡ್ರಿ, ಮೋಲ್ ಅಂದ್ರ ಡಜನ್ ಇದ್ದಂಗ. ಬಾಳಿಹಣ್ಣ ಡಜನ್ ಲೆಕ್ಕದಾಗ ತಗೋತೀರಿಲ್ಲೋ? ಕಣಗಳನ್ನ ಮೋಲ್ ಲೆಕ್ಕದಾಗ ತಗೋಬೇಕು. ತಿಳೀಲಿಲ್ಲಂದ್ರ ಮತ್ತ ಕೇಳ್ರಿ. ಕೇಳೋದಕ್ಕ ಜಿಎಸ್ಟಿ ಇಲ್ಲ." ಕೊನೆಯ ಮಾತು ಪ್ರತಿ ಸಲವೂ ಇರುತ್ತಿತ್ತು.

ಇವರು ಕಾಲೇಜಿನ ಪ್ರಾಧ್ಯಾಪಕರೇ ಎಂದು ನಂಬಿ ಇಡೀ ಗುಂಪು ಅವರನ್ನು ಭಾಲ್ಕಿ ಸರ್ ಎನ್ನುತ್ತಿತ್ತು. ಒಂದು ದಿನ ನಾನು ನೇರವಾಗಿ ಫೋನು ಹಚ್ಚಿದೆ.

"ಸರ್, ನನಗ ಬ್ಯಾರೆ ಟ್ಯೂಷನ್ ಬೇಕ್ರಿ. ಫೀ ಎಷ್ಟಂತ ಸರಿಯಾಗಿ ಹೇಳ್ರಿ, ನಾ ಚೌಕಾಶಿ ಮಾಡಾಕಿ."

ಆಚೆ ಕಡೆ ನಗು. "ಅಕ್ಕಾರ, ನಾನೂ ನಿಮ್ಮಂಗ ಫೀ ಕಟ್ಟಿ ಕೂತಾಂವರಿ. ನಿಮ್ಮ ಬ್ಯಾಚೇ."

ನಮಗೆಲ್ಲ ಕಲಿಸುತ್ತಿದ್ದವರು ನಮ್ಮ ಜೊತೆಯ ವಿದ್ಯಾರ್ಥಿ! ಭಾಲ್ಕಿಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಬದುಕುವವರು. ಔರಾದಿನ ಒಂದು ಖಾಸಗಿ ಶಾಲೆ ಇವರನ್ನು ವಿಜ್ಞಾನದ ಮಾಸ್ತರರಾಗಿ ತೆಗೆದುಕೊಳ್ಳಲು ಒಪ್ಪಿತ್ತು. ಶಾಲೆ ತೆರೆಯುವುದರೊಳಗೆ ಡಿಗ್ರಿ ಕೈಯಲ್ಲಿರಬೇಕು, ಅದೊಂದೇ ಷರತ್ತು. ಉಳಿದಿದ್ದದ್ದು ಈ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಒಮ್ಮೆ ಫೇಲಾಗಿಯೇ ಅವರು ನಮ್ಮ ಬ್ಯಾಚಿಗೆ ಬಂದಿದ್ದರು. ಇಷ್ಟು ಬಲ್ಲವರು ಫೇಲಾದದ್ದು ಹೇಗೆಂದು ನನಗೆ ಹೊಳೆಯಲಿಲ್ಲ.

ಶಿಬಿರದಲ್ಲಿ ನಮ್ಮಿಬ್ಬರನ್ನು ಒಂದೇ ಮೇಜಿಗೆ ಹಾಕಿದರು. ಪ್ರಯೋಗ ಸರಳವಾದದ್ದು. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಬಣ್ಣ ತೋರಿಸುವ ಸೂಚಕದ ಎರಡು ಹನಿ, ಮೇಲೆ ನಲ್ಲಿ ಇರುವ ಗಾಜಿನ ಕೊಳವೆಯಲ್ಲಿ ಕ್ಷಾರ. ಹನಿ ಹನಿ ಬಿಡಬೇಕು, ತಿಳಿ ಗುಲಾಬಿ ಬಣ್ಣ ಬಂದ ಹನಿಗೆ ನಲ್ಲಿ ಮುಚ್ಚಬೇಕು. ನಲ್ಲಿಯ ಮೇಲೆ ಸರ್ ಕೈ. ಕಣ್ಣು ಮಾತ್ರ ನನ್ನ ಮೇಲೆ. ಮೊದಲ ಸಲ ಸುಮ್ಮನಿದ್ದೆ. ಮತ್ತೆ ಹಾಗೇ ಆದಾಗ ನಮ್ಮ ಗುಂಪಿನವಳೇ ಆದ ಔರಾದಿನ ನರ್ಸ್ ಪಕ್ಕದ ಮೇಜಿನಲ್ಲಿ ಕಿಸಕ್ಕೆಂದಳು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ ಸರ್, ಬಣ್ಣ ಫ್ಲಾಸ್ಕಿನಾಗ ಬರ್ತದೋ, ನನ್ನ ಮಾರಿ ಮ್ಯಾಲ ಬರ್ತದೋ?"

ಅವರ ಮುಖ ಬಿಳಿಚಿಕೊಂಡಿತು. "ನಿಮ್ಮ ಮಾರಿ ಮ್ಯಾಲೇ ಬರ್ತದರಿ ಅಕ್ಕಾರ. ಬಣ್ಣ ಬಂದ ಕೂಡ್ಲೇ ನೀವು ಉಸಿರು ಹಿಡೀತೀರಿ. ಅದನ್ನ ನೋಡಿ ನಾ ನಲ್ಲಿ ಬಂದ್ ಮಾಡ್ತೇನಿ. ಫ್ಲಾಸ್ಕಿನಾಗಿಂದು ನನಗ ಕಾಣಂಗಿಲ್ಲ."

ರಾಣಿ ಬಣ್ಣ, ಮಜೆಂಟಾ, ಉಳ್ಳಾಗಡ್ಡಿ ಬಣ್ಣ ಎಂದು ಗುಲಾಬಿಯ ಒಂದೊಂದು ಛಾಯೆಯನ್ನೂ ಬೇರೆ ಮಾಡಿ ಹೊಟ್ಟೆ ಹೊರೆಯುವವಳು ನಾನು. ಆ ಗುಲಾಬಿ ಈ ಮನುಷ್ಯನಿಗೆ ಬರೀ ನೀರು! ರೈಲ್ವೆ ನೌಕರಿಯ ಲಿಖಿತ ಪರೀಕ್ಷೆ ಪಾಸಾಗಿದ್ದರಂತೆ. ಕಣ್ಣಿನ ತಪಾಸಣೆಯಲ್ಲಿ ಬಣ್ಣದ ಚುಕ್ಕೆಗಳ ನಡುವೆ ಬರೆದ ಅಂಕಿ ಓದಲಾಗದೆ ಹಿಂದಿರುಗಿದ್ದರು. ಆ ಮೇಲೆ ಯಾರಿಗೂ ಹೇಳಿರಲಿಲ್ಲ. ಬಣ್ಣ ತಿಳಿಯದವನು ವಿಜ್ಞಾನ ಏನು ಹೇಳುತ್ತಾನೆ ಎಂದು ಪಾಲಕರು ಮಕ್ಕಳನ್ನು ಬಿಡಿಸಿಬಿಟ್ಟರೆ? ಆ ಹೆದರಿಕೆ.

ನನ್ನ ವ್ಯಾಪಾರದ ಬುದ್ಧಿ ತಕ್ಷಣ ದಾರಿ ಹುಡುಕಿತು. "ಪರೀಕ್ಷಾ ದಿನ ನಾ ಬಾಜೂ ಟೇಬಲಿಗೆ ನಿಂದರ್ತೇನಿ. ಬಣ್ಣ ಬಂತಂದ್ರ ಕೆಮ್ಮತೇನಿ."

"ಆಕಿ ಕೆಮ್ಮಲಿಲ್ಲಂದ್ರ ನಾ ಸೀನ್ತೇನಿ" ಎಂದಳು ನರ್ಸ್. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸರ್ ನಕ್ಕರು, ಒಪ್ಪಲಿಲ್ಲ. "ನಾಳೆ ಔರಾದ ಸಾಲ್ಯಾಗ ಹುಡುಗ್ರ ಮುಂದ ಇದೇ ನಲ್ಲಿ ತಿರುವಬೇಕು. ಅಲ್ಲಿ ಕೆಮ್ಮಾಕ ಯಾರ್ ಬರ್ತೀರಿ?"

ಮಧ್ಯಾಹ್ನ ಊಟಕ್ಕೆ ಕೂತೆವು. ನರ್ಸ್ ರೊಟ್ಟಿಯ ಗಂಟು ಬಿಚ್ಚಿ, ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದಳು. ಘಾಟು ಕಣ್ಣಿಗೆ ಬಂತು. ಸರ್ ಕೈಯ ತುತ್ತು ಅಲ್ಲೇ ನಿಂತಿತು.

"ಹತ್ತನೇ ಕ್ಲಾಸಿನ ಪುಸ್ತಕದಾಗ ಅದ ರೀ! ಉಳ್ಳಾಗಡ್ಡಿ ವಾಸನಿ ಕ್ಷಾರದಾಗ ಹೋಗ್ತದ, ಆಮ್ಲದಾಗ ಇರ್ತದ. ಇಷ್ಟು ವರ್ಷ ಹುಡುಗ್ರಿಗಿ ಬಾಯಿಪಾಠ ಮಾಡಿಸೀನಿ, ಒಮ್ಮಿನೂ ಮೂಸಿ ನೋಡಿಲ್ಲ!"

ಊಟ ಬಿಟ್ಟು ಎದ್ದೆವು. ಈ ಸಲ ಕ್ಷಾರ ಫ್ಲಾಸ್ಕಿನಲ್ಲಿ, ಆಮ್ಲ ಕೊಳವೆಯಲ್ಲಿ. ಕ್ಷಾರಕ್ಕೆ ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕಾದರೆ, ಆ ಘಾಟು ನಿಜಕ್ಕೂ ಮಾಯ! ಆಮ್ಲ ಬಿದ್ದು ಕ್ಷಾರ ತೀರಿದ ಹನಿಗೆ ಅದು ಮರಳಬೇಕು. ಬಣ್ಣದ ಸೂಚಕವನ್ನೂ ಎರಡು ಹನಿ ಬಿಟ್ಟೆ, ಫ್ಲಾಸ್ಕು ಗುಲಾಬಿಯಾಯಿತು. ನಾನು ಬಣ್ಣ ನೋಡುತ್ತ ನಿಂತೆ. ಸರ್ ಕಣ್ಣು ಮುಚ್ಚಿ ಹನಿ ಬಿಡುತ್ತ, ಫ್ಲಾಸ್ಕಿನ ಬಾಯಿಯ ಗಾಳಿಯನ್ನು ಅಂಗೈಯಿಂದ ಮೂಗಿನ ಕಡೆ ಬೀಸಿಕೊಳ್ಳುತ್ತಿದ್ದರು. ನನ್ನ ಗುಲಾಬಿ ಹೋದ ಹನಿಗೇ ಅವರು "ಬಂತ್ರಿ!" ಎಂದು ಕೂಗಿದರು. ನನ್ನ ಬಣ್ಣ ಹೋಗಿ ಅವರ ವಾಸನೆ ಬಂದಿತ್ತು.

ಶಿಬಿರದ ಕೊನೆಗೆ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಸರ್ ತಂದಿದ್ದ ಡಬ್ಬಿಯ ಉಳ್ಳಾಗಡ್ಡಿ ಕಂಡು ಕೆರಳಿದರು. "ಇದು ಲ್ಯಾಬ್ ಏನ್ರಿ, ಭಜಿ ಗಾಡಿ ಏನ್ರಿ? ಹೊರಗ ಇಡ್ರಿ ಇದನ್ನ."

ಚೌಕಾಶಿ ನನ್ನ ಕೆಲಸವಲ್ಲವೇ, ನಾನು ಮುಂದೆ ಬಂದೆ. "ಸರ್, ಒಂದ್ ಮಾತು ಕೇಳ್ರಿ..."

ಭಾಲ್ಕಿ ಸರ್ ಕೈ ಎತ್ತಿ ತಡೆದರು. "ಅಕ್ಕಾರ, ಇದು ನಾ ಹೇಳೋ ಮಾತು." ಆಮೇಲೆ ಇಡೀ ಲ್ಯಾಬಿಗೆ ಕೇಳುವಂತೆ: "ಸರ್, ನನಗ ಕೆಂಪು ಹಸಿರು ತಿಳಿಯಂಗಿಲ್ಲರಿ. ಹುಟ್ಟಿನಿಂದ ಹಿಂಗೇ ಅದ. ವಾಸನಿ ಮ್ಯಾಲ ಮಾಡಿ ತೋರಸ್ತೇನಿ. ತಪ್ಪಾದ್ರ ಸೊನ್ನಿ ಹಾಕ್ರಿ."

ಮನೆಯವರಿಗೂ ಹೇಳದ್ದನ್ನು ಅವರು ನಡುಮಧ್ಯಾಹ್ನ ಅಷ್ಟು ಜನರ ಮುಂದೆ ಬಿಚ್ಚಿಟ್ಟಿದ್ದರು.

ಪರೀಕ್ಷಕರು ತಾವೇ ಫ್ಲಾಸ್ಕಿಗೆ ಬಣ್ಣದ ಸೂಚಕ ಹಾಕಿ, "ಮೂಗು ನಿಮ್ಮದು, ಕಣ್ಣು ನಂದು. ಮಾಡ್ರಿ" ಎಂದರು.

ಹನಿ ಬಿತ್ತು. ಮತ್ತೊಂದು ಹನಿ. ನನಗೆ ಫ್ಲಾಸ್ಕು ಮರೆಯಾಗಿತ್ತು, ಆದ್ದರಿಂದ ಪರೀಕ್ಷಕರ ಮುಖ ನೋಡಿದೆ. ಅವರು ಉಸಿರು ಹಿಡಿದರು. ಅದೇ ಕ್ಷಣ ಸರ್ ನಲ್ಲಿ ಮುಚ್ಚಿ "ಬಂತ್ರಿ" ಎಂದರು.

ಪಾಸಾದರು. ಔರಾದಿನ ಶಾಲೆ ಸೇರಿದರು. ಗುಂಪಿನಲ್ಲಿ ಉತ್ತರಗಳು ಬರುತ್ತಲೇ ಇದ್ದವು. ಕುಕ್ಕರಿನ ಸೀಟಿಯ ಬದಲು ಈಗ ಬಸ್ಸಿನ ಹಾರನ್.

ಕಳೆದ ಮಳೆಗಾಲದಲ್ಲಿ ಗಿರಾಕಿಯೊಬ್ಬರಿಗೆ ಫಾಲ್ ಅಳೆಯುತ್ತಿದ್ದಾಗ ಫೋನು ಮಿಣುಕಿತು. ಅದೇ ಗುಂಪು, ನರ್ಸಿನ ಸಂದೇಶ: "ಸರ್ ಹೋದ್ರು. ಕ್ಲಾಸಿನಾಗೇ ಎದಿ ಹಿಡಕೊಂಡು ಕೂತ್ರಂತ. ನಮ್ಮ ದವಾಖಾನಿಗೇ ತಂದಿದ್ರು. ನನ್ನ ಕೈಯಾಗ ಏನೂ ಉಳಿದಿರಲಿಲ್ಲ." ಹಿಂದಿನ ದಿನವಷ್ಟೇ ನನ್ನ ಪ್ರಶ್ನೆಗೆ ಅವರ ಉತ್ತರ ಬಂದಿತ್ತು, ಆ ಧ್ವನಿಯನ್ನು ನಾನಿನ್ನೂ ಕೇಳಿಸಿಕೊಂಡಿರಲಿಲ್ಲ. ಕೈಯಲ್ಲಿ ಕತ್ತರಿ ಹಾಗೇ ಇತ್ತು. ಉಸಿರು ನಿಂತಿತ್ತು. ಅದನ್ನು ಕಂಡು ಏನಾಯಿತೆಂದು ತಿಳಿಯುವವರು ಎದುರಿಗಿರಲಿಲ್ಲ. ಗಿರಾಕಿ ಸೀರೆ ನೋಡುತ್ತಿದ್ದರು.

ಈಗ ನನ್ನ ಅಂಗಡಿಯಲ್ಲಿ ಗಿರಾಕಿ ಬಟ್ಟೆ ನೋಡುವಾಗ ನಾನು ಗಿರಾಕಿಯ ಮುಖ ನೋಡುತ್ತೇನೆ. ಯಾವ ಬಟ್ಟೆಗೆ ಅವರ ಉಸಿರು ನಿಂತಿತೋ ಆ ಥಾನು ಮಡಚಿಡುವುದಿಲ್ಲ, ಅದನ್ನೇ ಮಾರುತ್ತೇನೆ. ಈ ವಿದ್ಯೆ ಅವರದು, ಉಣ್ಣುವವಳು ನಾನು.

ಓದುವವರಿಗೆ ನನ್ನ ಸಲಹೆ ಇಷ್ಟು. ಮಗು ವಿಜ್ಞಾನಕ್ಕೆ ಸೇರುವ ಮೊದಲು ಕಣ್ಣಿನ ಡಾಕ್ಟರರ ಬಳಿ ಆ ಚುಕ್ಕೆಗಳ ಪುಸ್ತಕ ಓದಿಸಿ, ಹೊತ್ತು ಹಿಡಿಯುವುದಿಲ್ಲ. ತೊಂದರೆ ಕಂಡರೆ ಮುಚ್ಚಿಡಬೇಡಿ, ಪರೀಕ್ಷೆಗೆ ಬಹಳ ಮೊದಲೇ ಕೇಂದ್ರಕ್ಕೆ ಬರೆದು ಕೊಡಿ; ಎಲ್ಲ ಪರೀಕ್ಷಕರೂ ನಮಗೆ ಸಿಕ್ಕವರಂತೆ ಇರುವುದಿಲ್ಲ. ಉಳ್ಳಾಗಡ್ಡಿ ಬಿಳಿಯದನ್ನೇ ಒಯ್ಯಿರಿ, ಕೆಂಪಿನದು ತಾನೇ ಬಣ್ಣ ಬಿಡುತ್ತದೆ. ಬುಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯದಿದ್ದರೆ ಮಾರುವವರನ್ನು ಕೇಳಿ. ಕೇಳೋದಕ್ಕ ಜಿಎಸ್ಟಿ ಇಲ್ಲ.