ನಿಂಗಪ್ಪನ ಗಾಜಿನ ಬಟ್ಟಲು

ನಿಂಗಪ್ಪನ ಆಟ ಕೆಡಿಸಿದವನು ನಾನು. ಒಂದೇ ಮಾತಿನಲ್ಲಿ ಕೆಡಿಸಿದೆ. ಆ ಮಾತು ಸುಳ್ಳೆಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು — ನನಗೆ ಮತ್ತು ಅವನಿಗೆ.

ತೊಂಬತ್ತರ ದಶಕದ ಕೊನೆ. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಕ್ಲಬ್ಬಿನಲ್ಲಿ ನಾನು ಗುಮಾಸ್ತ. ಬಿ.ಕಾಂ. ಪಾಸಾಗಿದ್ದೆ. ನಮ್ಮ ಮನೆತನದಲ್ಲಿ ಸಹಿ ಹಾಕಲು ಕಲಿತವರಲ್ಲಿ ನಾನೇ ಮೊದಲಿಗ. ಅಪ್ಪ ಭೀಮಣ್ಣ ಯಾದಗಿರಿ ಕಡೆಯಿಂದ ಬಂದ ಗೌಂಡಿ. ಕಾತ್ರಜದ ಸುತ್ತ ಏಳುತ್ತಿದ್ದ ಫ್ಲ್ಯಾಟುಗಳ ನೆಲಕ್ಕೆ ಫರಶಿ ಕಲ್ಲು ಕೂಡಿಸುತ್ತಿದ್ದ. ತಗಡಿನ ಶೆಡ್ಡಿನಲ್ಲಿ ಕೂತು ಓದಿ ಪಡೆದ ಡಿಗ್ರಿ ಅದು. ಅದರ ಬಗ್ಗೆ ಇವತ್ತಿಗೂ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಬೇರೆ. ಕ್ಲಬ್ಬಿನವರಿಗೆ ನಾನು ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯ ಮಗನೆಂದು ಹೇಳಿದ್ದೆ.

ನಿಂಗಪ್ಪ ನಮ್ಮದೇ ಶೆಡ್ಡಿನ ಸಾಲಿನವನು. ಅವನ ಅವ್ವ ನನ್ನ ಅಪ್ಪನ ಕೈಕೆಳಗೆ ಸಿಮೆಂಟು ಹೊರುತ್ತಿದ್ದಳು. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟವೇ ಅವನ ಹೊಟ್ಟೆಪಾಡು; ಗಿರಾಕಿಗಳ ಜೊತೆ ಆಡಲು ಒಂದು ಪೂಲ್ ಪಾರ್ಲರಿನವರು ಅವನಿಗೆ ಸಂಬಳ ಕೊಡುತ್ತಿದ್ದರು, ಊರೂರಿನ ಪಂದ್ಯಗಳಿಗೂ ಹೋಗುತ್ತಿದ್ದ. ಅವನ ರೂಢಿಗಳು ಮಾತ್ರ ವಿಚಿತ್ರ. ಪಂದ್ಯದ ದಿನ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಬೂಟು ಬಿಚ್ಚಿ ಬರಿಗಾಲಲ್ಲಿ ಮೇಜಿನ ಸುತ್ತ ನಡೆಯುತ್ತಿದ್ದ. ಆಮೇಲೆ ಚೀಲದಿಂದ ಅಗಲ ಬಾಯಿಯ ಗಾಜಿನ ಬಟ್ಟಲು ತೆಗೆಯುತ್ತಿದ್ದ. ಅದರ ಸುತ್ತ ಮೊಳೆಯಿಂದ ಗೀರಿದ ಒಂದು ಗೆರೆ. ಆ ಗೆರೆಯವರೆಗೆ ನೀರು ತುಂಬಿ, ಮೇಜಿನ ಒಂದೊಂದು ಮೂಲೆಗೂ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೊನೆಗೆ ಆ ನೀರನ್ನು ಗಟಗಟ ಕುಡಿದು ಕೋಲು ಹಿಡಿಯುತ್ತಿದ್ದ. ನೋಡಿದವರು ನಗುತ್ತಿದ್ದರು. ಕೆಲವರು ಹೆದರುತ್ತಿದ್ದರು.

ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ನೀರು ಯಾವ ಬದಿಗೆ ಗೆರೆ ದಾಟುತ್ತದೋ ಆ ಬದಿಗೆ ಮೇಜು ತಗ್ಗು, ಚೆಂಡು ಅತ್ತ ಸರಿಯುತ್ತದೆ — ಅಷ್ಟೇ. ಫರಶಿ ಕೂಡಿಸುವಾಗ ಅಪ್ಪ ಹಾಗೇ ನೋಡುತ್ತಿದ್ದ. ಮಟ್ಟ ನೋಡಲೆಂದು ಕೊಟ್ಟ ರಸಮಟ್ಟದ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. "ಗುತ್ತೇದಾರನ ರಸಮಟ್ಟ ಗುತ್ತೇದಾರನ ಮಾತೇ ಕೇಳ್ತದ," ಎನ್ನುತ್ತಿದ್ದ. ಟ್ಯಾಂಕರಿನ ನೀರು ದಂಡವಾಗಬಾರದೆಂದು ಕೊನೆಗೆ ಅದನ್ನು ಕುಡಿದುಬಿಡುತ್ತಿದ್ದವನೂ ಅಪ್ಪನೇ. ನಿಂಗಪ್ಪ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಲಿತ. ನಾನು ಪುಸ್ತಕ ಹಿಡಿದು ಓರೆಗಣ್ಣಲ್ಲಿ ನೋಡಿದ್ದೆ.

ಆ ವರ್ಷದ ಪಂದ್ಯ ನಮ್ಮ ಕ್ಲಬ್ಬಿನಲ್ಲಿ. ಗೆದ್ದವನಿಗೆ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಆಟಗಾರರ ಕೋಟಾದ ಕಾಯಂ ನೌಕರಿ. ನಿಂಗಪ್ಪ ಫೈನಲ್ ತಲುಪಿದ. ಆ ಮಧ್ಯಾಹ್ನ ಗೇಟಿನಲ್ಲಿ ನನ್ನ ಹತ್ತಿರ ಬಂದು, "ಕಾಕಾ ಆರಾಮ ಅದಾನೇನಲೇ?" ಎಂದ.

"ಇಲ್ಲಿ ಅಪ್ಪನ ಸುದ್ದಿ ತೆಗೀಬ್ಯಾಡ," ಎಂದೆ ಹಲ್ಲು ಕಚ್ಚಿ.

ಅವನು ನಕ್ಕ. "ಆಯ್ತು ಬಿಡ್ರಿ ಸಾಹೇಬ್ರ. ನೀವು ಹುಬ್ಬಳ್ಳಿ ಮಂದಿ."

ಫೈನಲ್ ಶುರುವಾಗುವ ಮೊದಲು ಎಂದಿನಂತೆ ಬಟ್ಟಲು ಇಟ್ಟ. ಮೂರನೆಯ ಮೂಲೆಯಲ್ಲಿ ಬಹಳ ಹೊತ್ತು ಕೂತ. ಎದುರಾಳಿ ನಮ್ಮ ಕ್ಲಬ್ಬಿನದೇ ಸದಸ್ಯರೊಬ್ಬರ ಮಗ, ಅದೇ ಮೇಜಿನ ಮೇಲೆ ದಿನಾ ಆಡುವವನು. ಅವನು ಕೋಲು ಕೆಳಗಿಟ್ಟು, ಇದು ಮಾಟ, ನಾನು ಆಡುವುದಿಲ್ಲ ಎಂದ. ಈ ಮೂಲೆ ತಗ್ಗಾಗಿದೆ ಎಂದು ನಿಂಗಪ್ಪ ತನ್ನ ಹರಕು ಮರಾಠಿಯಲ್ಲಿ ಹೇಳಲು ನೋಡಿದ. ಕ್ಲಬ್ಬಿನ ಕಾರ್ಯದರ್ಶಿ ಕೈಯೆತ್ತಿ ಅವನನ್ನು ತಡೆದು ನನ್ನತ್ತ ತಿರುಗಿದ. ನೀನೂ ಕನ್ನಡದವನಲ್ಲವೇ, ಇದೇನು ಹೇಳು, ಎಂದ.

ಗೌಂಡಿ ಕೆಲಸ ಸಾಹೇಬ, ಮಟ್ಟ ನೋಡುತ್ತಿದ್ದಾನೆ — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿಬಿಟ್ಟರೆ — 

"ಅಡಾಣಿ ಲೋಕ ಆಹೇತ್ ಸಾಹೇಬ," ಎಂದೆ. "ಅಂಧಶ್ರದ್ಧಾ."

ಓದು ಬಾರದ ಮಂದಿ, ಕುರುಡು ನಂಬಿಕೆ. ನನ್ನ ಡಿಗ್ರಿಗೆ ಹಣ ತಂದ ಕಸುಬಿಗೆ ನಾನಿಟ್ಟ ಹೆಸರು ಅದು.

ಕಾರ್ಯದರ್ಶಿ ಅಲ್ಲೇ ಅವನನ್ನು ಪಂದ್ಯದಿಂದ ತೆಗೆದುಹಾಕಿದ. ನಿಂಗಪ್ಪ ನನ್ನನ್ನು ನೋಡಿದ. ಇವರಪ್ಪನೇ ಕಲಿಸಿದ್ದು ಎಂದು ಒಂದು ಮಾತು ಆಡಬಹುದಿತ್ತು — ಆಡಲಿಲ್ಲ. ನೀರು ಕುಡಿದ. ಬಟ್ಟಲು ಒರೆಸಿ ಚೀಲಕ್ಕೆ ಹಾಕಿದ. ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಹೊರಟುಹೋದ. ಇದಕ್ಕೇ ಅವನ ಮೇಲೆ ವರ್ಷಗಟ್ಟಲೆ ಸಿಟ್ಟಿಟ್ಟುಕೊಂಡಿದ್ದೆ. ನನ್ನ ಸುಳ್ಳು ಕಾಯಲು ನಿನಗೆ ಯಾರು ಹೇಳಿದರು? ನಿನ್ನ ನೌಕರಿ ಹೋಗುತ್ತಿರುವಾಗ ನನ್ನ ಮಾನ ಯಾಕೆ ಉಳಿಸಿದೆ? ಆ ಕ್ಲಬ್ಬಿನವರ ಮೇಲೂ ಸಿಟ್ಟು. ಅವರು ಮನೆಯಲ್ಲಿ ಚಪ್ಪಲಿ ಬಿಟ್ಟು ಓಡಾಡುವ ನೆಲವನ್ನು ಸಪಾಟ ಮಾಡಿದ್ದೂ ಇಂಥದೇ ನೀರು. ಆದರೆ ಅವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾರ ಮೇಲೆ ಹೊರಿಸಿದರೂ ಕೊನೆಗೆ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ಸಂಜೆ ಅಪ್ಪ ಕೇಳಿದ, "ನಿಂಗ್ಯಾ ಗೆದ್ದನೇನೊ?"

"ಸೋತ."

"ಹಂಗಾರ ಮೇಜು ಸಪಾಟ ಇರಲಿಕ್ಕಿಲ್ಲ ಬಿಡು," ಎಂದ ಅಪ್ಪ. ಮುಂದೆ, ಆ ದಿನದ ನಿಜ ತಿಳಿಯದೆಯೇ ತೀರಿಕೊಂಡ.

ಕೆಲವು ವರ್ಷಗಳ ಮೇಲೆ ಹಿಂಜವಾಡಿಯ ಒಂದು ಕಂಪನಿಯಲ್ಲಿ ನಾನು ಆಡಳಿತಾಧಿಕಾರಿಯಾದೆ. ಅಲ್ಲಿನ ಹುಡುಗರಿಗೆಂದು ಪೂಲ್ ಮೇಜು ತರಿಸಿದರು. ಅದನ್ನು ಕೂಡಿಸಲು ಬಂದವನು ನಿಂಗಪ್ಪ. ಆಡುವುದು ಬಿಟ್ಟು ಮೇಜು ಜೋಡಿಸುವ ಕೆಲಸ ಹಿಡಿದಿದ್ದ. ಅದೇ ಬಟ್ಟಲು, ಅದೇ ಗೆರೆ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಾಗ ಬೆಂಗಳೂರಿನ ಹುಡುಗನೊಬ್ಬ ನನ್ನನ್ನು ಕೇಳಿದ: "ಏನ್ ಸಾರ್ ಇದು, ಪೂಜೆನಾ?"

ನಾನು ಬಾಯಿ ತೆರೆದೆ. ಈ ಸಲ ನಿಜ ಹೇಳುತ್ತಿದ್ದೆ ಎಂದು — ಇಲ್ಲ, ಅದನ್ನೂ ಖಾತ್ರಿಯಾಗಿ ಹೇಳಲಾರೆ.

ನಿಂಗಪ್ಪ ತಲೆ ಎತ್ತಲಿಲ್ಲ. "ಸಾಹೇಬ್ರಿಗೆ ಗೊತ್ತಿಲ್ರಿ," ಎಂದ. "ಓದಲಾರದ ಮಂದಿ ನಾವು. ಕುರುಡು ನಂಬಿಕಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇದನ್ನು ಆ ಕ್ಲಬ್ಬಿನವರು, ಆ ಕಂಪನಿಯವರು ಓದಬಹುದು. ಓದಲಿ. ನಾನು ಗೌಂಡಿ ಭೀಮಣ್ಣನ ಮಗ. ನಿಂಗಪ್ಪನಿಗೆ ಆ ವಿದ್ಯೆ ಕೊಟ್ಟವನು ನನ್ನಪ್ಪ. ಇನ್ನೊಂದು ಮಾತು ಉಳಿದಿದೆ, ಯಾರಿಗೂ ಹೇಳದ್ದು. ಅವತ್ತು ನಿಂಗಪ್ಪ ಹೋದಮೇಲೆ ಎಲ್ಲರೂ ಚಹಾಕ್ಕೆ ಎದ್ದರು. ನಾನು ಪ್ಯಾಂಟ್ರಿಯಿಂದ ಒಂದು ಗಾಜಿನ ಬಟ್ಟಲಲ್ಲಿ ನೀರು ತಂದೆ, ನೀರಿನ ಮಟ್ಟಕ್ಕೆ ಸುತ್ತಲೂ ಪೆನ್ನಿನಿಂದ ಗೆರೆ ಎಳೆದೆ, ಮೂರನೆಯ ಮೂಲೆಗೆ ಇಟ್ಟು ಕುಕ್ಕರಗಾಲಲ್ಲಿ ಕೂತೆ. ನನಗೂ ನೋಡಲು ಬರುತ್ತಿತ್ತು. ನೀರು ಒಂದು ಬದಿಗೆ ಗೆರೆ ದಾಟಿತ್ತು. ಒಳಗಿನಿಂದ ಹೆಜ್ಜೆ ಸದ್ದು ಕೇಳಿಸಿತು. ಎದ್ದು ಹೋಗಿ ಆ ನೀರನ್ನು ಕುಡಿಯದೆ ಮೋರಿಗೆ ಚೆಲ್ಲಿದೆ.